ಕೋಲಾರದ ಅದಿರು, ಕಾವೇರಿಯ ಬಲ

ಚಿನ್ನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಕ್ಕಸಾಲಿಗರ ಅಂಗಡಿ, ಮದುವೆಯ ಮನೆ, ಒಡವೆಯ ಪೆಟ್ಟಿಗೆ. ಆ ಒಡವೆಯ ಹಿಂದೆ ಎಷ್ಟು ಕಲ್ಲಿನ ರಾಶಿ ಇದೆ ಎಂಬುದು ನೆನಪಿಗೆ ಬರುವುದು ಅಪರೂಪ. ಕೋಲಾರದ ಚಿನ್ನದ ಗಣಿಗಳಲ್ಲಿ ಸುಮಾರು 120 ವರ್ಷಗಳ ಅವಧಿಯಲ್ಲಿ 5 ಕೋಟಿ ಟನ್ನುಗಳಷ್ಟು ಅದಿರನ್ನು ಭೂಗರ್ಭದಿಂದ ಮೇಲಕ್ಕೆ ತಂದು, ಅದರಿಂದ ಸುಮಾರು 800 ಟನ್ ಚಿನ್ನವನ್ನು ತೆಗೆಯಲಾಯಿತು. ಸರಾಸರಿ ಲೆಕ್ಕ ಹಾಕಿದರೆ ಒಂದು ಟನ್ ಕಲ್ಲಿಗೆ ದೊರೆತದ್ದು ಹದಿನೈದು ಹದಿನಾರು ಗ್ರಾಂ. ಅಂದರೆ 8 ಗ್ರಾಮಿನ ಒಂದು ಸವರನ್ನಿಗಾಗಿ ಐದು ಕ್ವಿಂಟಾಲ್ ಕಲ್ಲನ್ನು ಕಡಿಯಬೇಕು, ಸಾಗಿಸಬೇಕು, ಮೇಲಕ್ಕೆ ಎತ್ತಬೇಕು, ಪುಡಿ ಮಾಡಬೇಕು.

ಚಿನ್ನ ಎಲ್ಲಿದೆ ಎಂದು ಕಂಡುಕೊಳ್ಳುವುದು ಗಣಿಯ ಮೊದಲ ಪ್ರಶ್ನೆ. ಆದರೆ ಗಣಿ ಬದುಕುವುದೋ ಮುಚ್ಚುವುದೋ ಎಂಬುದನ್ನು ನಿರ್ಧರಿಸುವುದು ಎರಡನೆಯ ಪ್ರಶ್ನೆ: ಆ ಕಲ್ಲನ್ನು ಕಡಿಮೆ ಖರ್ಚಿನಲ್ಲಿ ಮೇಲಕ್ಕೆ ತರುವುದು ಹೇಗೆ? ಕೋಲಾರದಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರದಲ್ಲಿ ನಮ್ಮ ಸೀಮೆಯ ಪಾಲು ದೊಡ್ಡದು. ಕಿರಂಗೂರಿನ ಸಮೀಪದಲ್ಲೇ ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿ, ಕೋಲಾರದ ಅದಿರನ್ನು ಎತ್ತಿದ ಕಥೆ ಇದು.

ಕೈಯಿಂದ ಕೈಗೆ

ಕೋಲಾರದ ಗಣಿಗಳ ಆಧುನಿಕ ಚರಿತ್ರೆ ಆರಂಭವಾಗುವುದೂ ಒಂದು ರೀತಿಯಲ್ಲಿ ಶ್ರೀರಂಗಪಟ್ಟಣದಿಂದಲೇ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಕೋಟೆಯಲ್ಲಿ ಹೋರಾಡುತ್ತಾ ಮಡಿದ ಮೇಲೆ ಮೈಸೂರು ಸೀಮೆಯ ಎಲ್ಲೆಗಳನ್ನು ಹೊಸದಾಗಿ ಅಳೆಯುವ ಕೆಲಸ ಶುರುವಾಯಿತು. ಪೂರ್ವದ ಗಡಿಯನ್ನು ಅಳೆಯಲು ನೇಮಕವಾದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಕಡೆಗೆ ಬಂದಾಗ ಅಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿದನು. ಹಳ್ಳಿಯ ಜನರಿಂದ ಮಣ್ಣು ತೊಳೆಸಿ ಪರೀಕ್ಷಿಸಿದನು. ಮಾರಿಕುಪ್ಪಂನಲ್ಲಿ ಜನರು ಆಗಲೇ ತೋಡಿದ್ದ ಗಣಿಗಳಿಗೆ ಇಳಿದು ನೋಡಿದನು.

ಆ ಗುಂಡಿಗಳು ಮೂವತ್ತು ನಲವತ್ತೈದು ಅಡಿಗಳಷ್ಟು ಆಳವಿದ್ದವು. ಗೋಡೆಯಲ್ಲಿ ಕಾಲೂರಲು ಕೊರೆದ ಸಣ್ಣ ಗುಳಿಗಳೇ ಮೆಟ್ಟಿಲು. ಒಳಗೆ ಕಲ್ಲು ಒಡೆದವರು ಅದನ್ನು ಬುಟ್ಟಿಗೆ ತುಂಬುತ್ತಿದ್ದರು. ಗಣಿಯ ಬೇರೆಬೇರೆ ಎತ್ತರಗಳಲ್ಲಿ ನಿಂತ ಆಳುಗಳು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ದಡ ಮುಟ್ಟಿಸುತ್ತಿದ್ದರು. ಮೇಲೆ ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ತೊಳೆಯುತ್ತಿದ್ದರು. ಟಿಪ್ಪುವಿನ ಕಾಲದಲ್ಲೂ ಇಲ್ಲಿ ಪ್ರಯತ್ನ ನಡೆದಿತ್ತೆಂದೂ, ಬಂದ ಆದಾಯ ಮಾಡಿದ ಖರ್ಚಿಗೆ ಸರಿಹೋದ್ದರಿಂದ ಕೈಬಿಟ್ಟರೆಂದೂ ಹೇಳಿದ್ದನ್ನು ವಾರೆನ್ ದಾಖಲಿಸಿದ್ದಾನೆ.

ಈ ಒಂದು ಮಾತಿನಲ್ಲಿ ಗಣಿಗಾರಿಕೆಯ ಇಡೀ ಅರ್ಥಶಾಸ್ತ್ರ ಅಡಗಿದೆ. ಚಿನ್ನವಿರಲಿಲ್ಲವೆಂದಲ್ಲ. ಅದನ್ನು ಹೊತ್ತಿದ್ದ ಕಲ್ಲನ್ನು ಮೇಲೆ ತರುವ ಖರ್ಚು ಚಿನ್ನವನ್ನೇ ನುಂಗುತ್ತಿತ್ತು. ನಲವತ್ತೈದು ಅಡಿಗೆ ನಾಲ್ಕೈದು ಜನ ಸಾಲಾಗಿ ನಿಂತರೆ ಸಾಕು. ನಾನೂರು ಅಡಿ ಆಳಕ್ಕೆ ಹೋದರೆ ನಲವತ್ತು ಜನ ನಿಲ್ಲಬೇಕು. ಬುಟ್ಟಿಯಲ್ಲಿರುವ ಚಿನ್ನ ಮಾತ್ರ ಅಷ್ಟೇ.

ಕಪಿಲೆ ಕಲಿಸುವ ಪಾಠ

ನಮ್ಮ ಹಿರಿಯರಿಗೆ ಕಪಿಲೆ ಬಾವಿ ಚೆನ್ನಾಗಿ ಗೊತ್ತು. ಬಾವಿಯ ಮೇಲೆ ರಾಟೆ, ಹಗ್ಗದ ತುದಿಗೆ ಚರ್ಮದ ಬಾನೆ, ಇನ್ನೊಂದು ತುದಿಗೆ ಜೋಡಿ ಎತ್ತು. ಎತ್ತುಗಳು ನಡೆಯುವ ದಾರಿಯನ್ನು ಇಳಿಜಾರಾಗಿ ಮಾಡಿರುತ್ತಿದ್ದರು. ಇಳಿಜಾರಿನಲ್ಲಿ ಇಳಿಯುವಾಗ ಎತ್ತಿನ ಮೈಭಾರವೇ ನೀರನ್ನು ಎಳೆಯಲು ನೆರವಾಗುತ್ತಿತ್ತು. ಭಾರವನ್ನು ಭಾರದಿಂದಲೇ ಎತ್ತಬೇಕೆಂಬ ಈ ಉಪಾಯವನ್ನು ನಮ್ಮ ರೈತರು ಯಾವ ಕಾಲೇಜಿನಲ್ಲೂ ಕಲಿತವರಲ್ಲ.

ಯೂರೋಪಿನ ಗಣಿಗಳಲ್ಲೂ ಇದೇ ದಾರಿಯ ಹುಡುಕಾಟ ನಡೆದಿತ್ತು. 1556ರಲ್ಲಿ ಪ್ರಕಟವಾದ ಜರ್ಮನಿಯ ಅಗ್ರಿಕೋಲನ ಗಣಿಶಾಸ್ತ್ರದ ಗ್ರಂಥದಲ್ಲಿ ಕೈಗಾಡಿಗಳು, ಕೈಯಿಂದ ತಿರುಗಿಸುವ ರಾಟೆಗಳು, ಕುದುರೆ ಸುತ್ತುವ ಯಂತ್ರಗಳ ಚಿತ್ರಗಳಿವೆ. ಆದರೆ ನಾರಿನ ಹಗ್ಗ ಒಂದು ಮಿತಿ ಹಾಕಿತ್ತು. ಆಳ ಹೆಚ್ಚಿದಂತೆ ಹಗ್ಗ ದಪ್ಪವಾಗಬೇಕು, ದಪ್ಪವಾದ ಹಗ್ಗ ತನ್ನ ಭಾರದಿಂದಲೇ ಸವೆದು ಹರಿಯುತ್ತಿತ್ತು. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಪ್ರದೇಶದ ಕ್ಲಾಸ್‌ಟಾಲ್‌ನಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ಕಬ್ಬಿಣದ ತಂತಿಗಳನ್ನು ಹೆಣೆದು ಹಗ್ಗ ಮಾಡಿದನು. ಇಂದು ಲಿಫ್ಟಿನಲ್ಲಿ, ಕ್ರೇನಿನಲ್ಲಿ, ತೂಗುಸೇತುವೆಯಲ್ಲಿ ನಾವು ಕಾಣುವ ತಂತಿಹಗ್ಗದ ಚರಿತ್ರೆಯಲ್ಲಿ ಗಣಿಗೆ ಇಂಥ ಸ್ಥಾನವಿದೆ. ತಂತಿಹಗ್ಗ ಮತ್ತು ಉಗಿಯಂತ್ರ ಎರಡೂ ಕೂಡಿದ ಮೇಲೆ ಸಾವಿರಾರು ಅಡಿ ಆಳದ ಗಣಿಗಳ ಕೆಲಸ ಸುಲಭವಾಯಿತು.

ಕಲ್ಲಿನ ಪಯಣ

1870ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ ಮೈಕೆಲ್ ಲಾವೆಲ್, ಕೋಲಾರದಲ್ಲಿ ಗಣಿ ತೆರೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದನು. ಬೆಂಗಳೂರಿನ ಲಾವೆಲ್ ರಸ್ತೆ ಅವನ ಹೆಸರನ್ನು ಉಳಿಸಿದೆ. ಅವನ ಹಣ ಸಾಲಲಿಲ್ಲ. 1880ರ ನಂತರ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಆಡಳಿತ ವಹಿಸಿಕೊಂಡು, ಚಾಂಪಿಯನ್ ಲೋಡ್ ಎಂಬ ಶ್ರೀಮಂತ ಅದಿರಿನ ಪಟ್ಟೆ ಸಿಕ್ಕಿದ ಮೇಲೆ ಗಣಿಗಳು ಬೆಳೆದವು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಗಣಿಗಳು ಹೆಸರಾದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂದಿತು.

ಇಂಥ ಗಣಿಯಲ್ಲಿ ಅದಿರು ಸಾಗುವ ದಾರಿಯನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳುವುದು ಒಳ್ಳೆಯದು. ನೆಲದಿಂದ ಕೆಳಕ್ಕೆ ಇಳಿಯುವ ಬಾವಿಯಂಥ ದಾರಿಗೆ ಶಾಫ್ಟ್ ಎನ್ನುತ್ತಾರೆ. ಶಾಫ್ಟಿನಿಂದ ಬೇರೆಬೇರೆ ಆಳಗಳಲ್ಲಿ, ಕಟ್ಟಡದ ಅಂತಸ್ತುಗಳಂತೆ, ಅಡ್ಡ ಸುರಂಗಗಳು ಹೊರಡುತ್ತವೆ. ಎರಡು ಅಂತಸ್ತುಗಳ ನಡುವೆ ಇರುವ ಅದಿರನ್ನು ಕೊರೆದು, ಮದ್ದಿಟ್ಟು ಸಿಡಿಸುತ್ತಾರೆ. ಒಡೆದ ಕಲ್ಲನ್ನು ಮೇಲಿನಿಂದ ಕೆಳಗಿನ ಸುರಂಗಕ್ಕೆ ಓರೆಯಾದ ದಾರಿಯಲ್ಲಿ ಜಾರಿಬಿಡುತ್ತಾರೆ. ಆ ದಾರಿಯ ಬಾಯಿಗೆ ಒಂದು ಬಾಗಿಲು. ಬಾಗಿಲು ಎತ್ತಿದರೆ ಕೆಳಗೆ ಹಳಿಯ ಮೇಲೆ ನಿಂತ ಟ್ರಾಲಿಗೆ ಕಲ್ಲು ತಾನಾಗಿಯೇ ತುಂಬುತ್ತದೆ. ಟ್ರಾಲಿಯನ್ನು ಮೊದಲು ಆಳುಗಳು ತಳ್ಳುತ್ತಿದ್ದರು, ಮುಂದೆ ಬ್ಯಾಟರಿಯ ಸಣ್ಣ ಎಂಜಿನ್ನುಗಳು ಎಳೆಯತೊಡಗಿದವು. ಶಾಫ್ಟಿನ ಹತ್ತಿರ ಟ್ರಾಲಿಯಿಂದ ಸುರಿದ ಅದಿರು ಸ್ಕಿಪ್ ಎಂಬ ಉಕ್ಕಿನ ದೊಡ್ಡ ತೊಟ್ಟಿಗೆ ಸೇರಿ, ತಂತಿಹಗ್ಗದ ಮೂಲಕ ಮೇಲೆ ಬಂದು, ತಾನೇ ಬಗ್ಗಿ ಸುರಿದು, ಕಲ್ಲು ಒಡೆಯುವ ಗಿರಣಿಯ ಕಡೆಗೆ ಹೊರಡುತ್ತದೆ.

ಈ ವ್ಯವಸ್ಥೆಯ ಹಿಂದೆ ಮೂರು ಸರಳ ನಿಯಮಗಳಿವೆ. ಬೀಳಬಲ್ಲದ್ದನ್ನು ಹೊರಬೇಡ. ಬರಿಗಲ್ಲನ್ನು ಮೇಲಕ್ಕೆ ತರಬೇಡ, ಆದಷ್ಟೂ ಕೆಳಗೇ ಖಾಲಿ ಜಾಗ ತುಂಬಲು ಬಳಸು. ಒಂದು ಕಡೆ ನಿಂತರೂ ಇಡೀ ಗಣಿ ನಿಲ್ಲದ ಹಾಗೆ ನಡುನಡುವೆ ಅದಿರಿನ ಸಂಗ್ರಹ ಇಟ್ಟುಕೋ. ಕಣಜ, ಗಾಡಿ, ಸಂತೆ ಎಲ್ಲವನ್ನೂ ಬಲ್ಲ ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ.

ಹಗ್ಗದ ಭಾರ, ಒಂದು ಲೆಕ್ಕ

ಚಾಂಪಿಯನ್ ರೀಫ್ ಗಣಿಯ ಗಿಫರ್ಡ್ ಶಾಫ್ಟ್ ಒಂದೇ ಜಿಗಿತದಲ್ಲಿ ಸುಮಾರು 2 ಕಿಲೋಮೀಟರ್ ಇಳಿಯುತ್ತಿತ್ತು. ಅಲ್ಲಿಂದ ಇನ್ನೂ ಕೆಳಕ್ಕೆ ಭೂಮಿಯ ಒಳಗೇ ಕೊರೆದ ಬೇರೆ ಶಾಫ್ಟುಗಳ ಮೂಲಕ ಗಣಿಯ ಆಳ 3 ಕಿಲೋಮೀಟರನ್ನೂ ದಾಟಿ, ಪ್ರಪಂಚದ ಅತಿ ಆಳದ ಗಣಿಗಳ ಸಾಲಿಗೆ ಸೇರಿತು.

ಶಾಲೆಯ ಭೌತಶಾಸ್ತ್ರದಿಂದಲೇ ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಟನ್ ಕಲ್ಲನ್ನು 2,000 ಮೀಟರ್ ಎತ್ತಲು, ಘರ್ಷಣೆಯ ನಷ್ಟವನ್ನು ಬಿಟ್ಟರೂ, ಸುಮಾರು ಐದೂವರೆ ಯೂನಿಟ್ ವಿದ್ಯುತ್ತು ಬೇಕು. ಹಗ್ಗದ ಭಾರ ಇದಕ್ಕಿಂತ ದೊಡ್ಡ ಕಷ್ಟ. ಮೀಟರಿಗೆ 5 ಕಿಲೋ ತೂಗುವ ಹಗ್ಗವೆಂದು ಇಟ್ಟುಕೊಂಡರೂ 2,000 ಮೀಟರ್ ಹಗ್ಗವೇ 10 ಟನ್ ಆಗುತ್ತದೆ. ಅದಿರಿಗಿಂತ ಅದನ್ನು ಎಳೆಯುವ ಹಗ್ಗವೇ ಭಾರವಾಗಬಹುದು.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ತಕ್ಕಡಿಯದು. ಶಾಫ್ಟಿನಲ್ಲಿ ಎರಡು ಸ್ಕಿಪ್‌ಗಳು. ತುಂಬಿದ್ದು ಮೇಲೇರುವಾಗ ಖಾಲಿಯದು ಕೆಳಗಿಳಿಯುತ್ತದೆ. ಸ್ಕಿಪ್‌ನ ಭಾರವನ್ನು ಸ್ಕಿಪ್ಪೇ ತೂಗಿಸುವುದರಿಂದ ಯಂತ್ರಕ್ಕೆ ಅದಿರಿನ ಭಾರ ಮತ್ತು ಹಗ್ಗದ ಹೆಚ್ಚುವರಿ ಭಾರ ಮಾತ್ರ ಉಳಿಯುತ್ತದೆ. ಹಗ್ಗದ ಭಾರವನ್ನೂ ಸರಿದೂಗಿಸಲು ಕೆಲವು ಗಣಿಗಳಲ್ಲಿ ಸ್ಕಿಪ್‌ಗಳ ತಳಕ್ಕೆ ಇನ್ನೊಂದು ಹಗ್ಗವನ್ನು ಬಾಲದಂತೆ ಕಟ್ಟುತ್ತಾರೆ. ಕೆಲವೆಡೆ ಹಗ್ಗ ಸುತ್ತುವ ಉರುಳೆಯನ್ನೇ ಬುಗುರಿಯಂತೆ ಒಂದು ಕಡೆ ಕಿರಿದು, ಇನ್ನೊಂದು ಕಡೆ ಹಿರಿದು ಮಾಡುತ್ತಾರೆ. ನಮ್ಮ ಕಪಿಲೆಯ ಇಳಿಜಾರಿನ ಉಪಾಯಕ್ಕೂ ಇದಕ್ಕೂ ಬೇರು ಒಂದೇ.

ಎಷ್ಟೇ ಉಪಾಯ ಮಾಡಿದರೂ ಬಲ ಬೇಕೇ ಬೇಕು. ಆರಂಭದಲ್ಲಿ ಆ ಬಲ ಬಂದದ್ದು ಉಗಿಯಂತ್ರಗಳಿಂದ. ಕೋಲಾರದ ಬಳಿ ಕಲ್ಲಿದ್ದಲಿಲ್ಲ. ದೂರದಿಂದ ರೈಲಿನಲ್ಲಿ ತರಿಸಬೇಕಿತ್ತು. ಸುತ್ತಲಿನ ಕಾಡುಗಳೂ ಸೌದೆಯಾಗಿ ಉರಿದುಹೋದವು. ಗಣಿ ಆಳವಾದಂತೆ ಉರುವಲಿನ ಖರ್ಚು ಏರಿತು. ವಾರೆನ್ ಕೇಳಿದ ಹಳೆಯ ಮಾತು ಮತ್ತೆ ಎದುರು ನಿಂತಿತು: ಆದಾಯ ಖರ್ಚಿಗೆ ಸರಿಹೋದರೆ ಗಣಿ ಏಕೆ?

ಶಿವನಸಮುದ್ರದ ಬೆಳಕು

ಉತ್ತರ ಸಿಕ್ಕಿದ್ದು ಈಗಿನ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ. ಶಿವನಸಮುದ್ರದ ಬಳಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆಯಂತೆ, ಅಲ್ಲಿ ಜಲವಿದ್ಯುತ್ ಕೇಂದ್ರದ ಕೆಲಸ ಆರಂಭವಾಯಿತು. 1901ರಲ್ಲಿ ತೀರಿಕೊಂಡ ಶೇಷಾದ್ರಿ ಅಯ್ಯರ್ ಅವರಿಗೆ ಅದು ಪೂರ್ತಿಯಾದದ್ದನ್ನು ನೋಡುವ ಯೋಗವಿರಲಿಲ್ಲ.

1902ರ ಜೂನ್ 30ರಂದು ವಿದ್ಯುತ್ತು 92 ಮೈಲಿ ದೂರದ ಕೋಲಾರದ ಗಣಿಗಳಿಗೆ ಹರಿಯಿತು. ಮೊದಲ ಹಂತದಲ್ಲಿ ಗಣಿಗಳಿಗೆ ಒದಗಿಸಿದ್ದು ಸುಮಾರು 4,000 ಅಶ್ವಶಕ್ತಿ. ಅಷ್ಟು ದೂರಕ್ಕೆ ಅಷ್ಟು ವಿದ್ಯುತ್ತನ್ನು ತಂತಿಯಲ್ಲಿ ಸಾಗಿಸಿದ್ದು ಆ ಕಾಲಕ್ಕೆ ಪ್ರಪಂಚವೇ ಗಮನಿಸಿದ ಸಾಹಸ. ಅದಿರು ಕುಟ್ಟುವ ಗಿರಣಿ, ಗಾಳಿ ಒತ್ತುವ ಯಂತ್ರಗಳು, ಕ್ರಮೇಣ ಸ್ಕಿಪ್ ಎಳೆಯುವ ಯಂತ್ರಗಳು ಕಾವೇರಿಯ ಬಲದಿಂದ ನಡೆಯತೊಡಗಿದವು.

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ನದಿಯ ದಡದ ನಮ್ಮ ಹಳ್ಳಿಗಳು ಇನ್ನೂ ಎಷ್ಟೋ ವರ್ಷ ಸೀಮೆಎಣ್ಣೆಯ ಬುಡ್ಡಿ, ಲಾಂದ್ರಗಳಲ್ಲೇ ಕಳೆದವು. ಕಾವೇರಿಯ ವಿದ್ಯುತ್ತು ಮೊದಲು ಕಂಡದ್ದು ಮನೆಯ ದೀಪವನ್ನಲ್ಲ, ಗಣಿಯ ಕಲ್ಲನ್ನು.

ಕನ್ನಂಬಾಡಿಯ ಕಟ್ಟೆ

ಶಿವನಸಮುದ್ರಕ್ಕೆ ಒಂದು ಕೊರತೆ ಇತ್ತು. ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಿಗೆಯಲ್ಲಿ ಬಡವಾಗುತ್ತದೆ. ನೀರು ಇಳಿದರೆ ವಿದ್ಯುತ್ತೂ ಇಳಿಯುತ್ತದೆ. ಗಣಿಗೆ ಬೇಸಿಗೆಯೂ ಇಲ್ಲ, ಮಳೆಗಾಲವೂ ಇಲ್ಲ. ಅಲ್ಲಿ ಗಾಳಿ, ನೀರೆತ್ತುವ ಪಂಪು, ಜನರನ್ನು ಇಳಿಸುವ ಪಂಜರ ಯಾವುದೂ ನಿಲ್ಲುವಂತಿಲ್ಲ. ವರ್ಷವಿಡೀ ಒಂದೇ ಸಮನೆ ನೀರು ಬಿಡಬೇಕಾದರೆ ಮೇಲೆ ಎಲ್ಲಾದರೂ ನದಿಯನ್ನು ಹಿಡಿದಿಡಬೇಕು.

ಹೀಗೆ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಶಿವನಸಮುದ್ರದ ವಿದ್ಯುತ್ತಿಗೆ ಸ್ಥಿರತೆ, ನಮ್ಮ ಹೊಲಗಳಿಗೆ ನೀರು ಎರಡೂ ಅದರ ಉದ್ದೇಶ. ಗಣಿಗಳಿಗೆ ಮಾರುವ ವಿದ್ಯುತ್ತಿನ ಆದಾಯವು ಯೋಜನೆಗೆ ಬೆನ್ನೆಲುಬಾಗಿತ್ತು. ಕೆಲಸ ನಡೆಯುವಾಗ ಟಿಪ್ಪು ಸುಲ್ತಾನನ ಕಾಲದ ಪಾರ್ಸಿ ಶಾಸನವೊಂದು ದೊರೆಯಿತು. ಕಾವೇರಿಗೆ ಅಣೆ ಕಟ್ಟುವ ಸಂಕಲ್ಪವನ್ನು ಸಾರುವ ಆ ಶಾಸನವನ್ನು ಕಟ್ಟೆಯ ಬಳಿ ಇಂದಿಗೂ ನೋಡಬಹುದು.

ಮದ್ರಾಸ್ ಸರ್ಕಾರದೊಡನೆ ವಿವಾದ, 1924ರ ಒಪ್ಪಂದ ಎಲ್ಲವನ್ನೂ ದಾಟಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ 1930ರ ದಶಕದ ಆರಂಭದಲ್ಲಿ ಕೆಲಸ ಮುಗಿಯಿತು. ಅದೇ ಕಾಲದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ತಯಾರಾಯಿತು. ನಾಲೆಯ ನೀರನ್ನು ಗುಡ್ಡದ ಅಡಿಯಿಂದ ದಾಟಿಸಲು ಹುಲಿಕೆರೆಯ ಬಳಿ ಒಂದೂಮುಕ್ಕಾಲು ಮೈಲಿಯಷ್ಟು ಉದ್ದದ ಸುರಂಗವನ್ನು ಕೊರೆಯಲಾಯಿತು. ಕೊರೆದು, ಸಿಡಿಸಿ, ಕಲ್ಲು ತುಂಬಿ ಹೊರಗೆ ಸಾಗಿಸುವ ಗಣಿಯ ವಿದ್ಯೆ ನಮ್ಮ ನೆರೆಯಲ್ಲೇ ಚಿನ್ನಕ್ಕಾಗಿ ಅಲ್ಲದೆ ನೀರಿಗಾಗಿ ಬಳಕೆಯಾದ ಉದಾಹರಣೆ ಅದು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂದಿತು. ರಾಗಿ, ಹುರುಳಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು.

ಪಡೆದವರ ಜೊತೆ ಕಳೆದುಕೊಂಡವರೂ ಇದ್ದರು. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ಮುಳುಗಿದವು. ಹಳೆಯ ವೇಣುಗೋಪಾಲಸ್ವಾಮಿ ದೇವಾಲಯವೂ ನೀರಿನಡಿ ಸೇರಿತು. ಅದನ್ನು ಈಚಿನ ವರ್ಷಗಳಲ್ಲಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ.

ಲೆಕ್ಕಕ್ಕೆ ಬಾರದ ಭಾರ

ಇಷ್ಟು ಯಂತ್ರಗಳು ಬಂದ ಮೇಲೆ ಮನುಷ್ಯನ ಹೊರೆ ಇಳಿಯಿತೇ? ಶಾಫ್ಟಿನಲ್ಲಿ ಇಳಿಯಿತು, ನಿಜ. ಬುಟ್ಟಿ ದಾಟಿಸುವ ಆಳುಗಳ ಸಾಲು ಮಾಯವಾಯಿತು. ಆದರೆ ಯಂತ್ರ ಮುಟ್ಟದ ತುದಿಯಲ್ಲಿ, ಕಲ್ಲು ಕೊರೆಯುವ, ತುಂಬುವ, ಟ್ರಾಲಿ ತಳ್ಳುವ ಜಾಗದಲ್ಲಿ, ಮನುಷ್ಯನೇ ಉಳಿದನು. ಮೇಲಿನ ಯಂತ್ರ ಹೆಚ್ಚು ಎತ್ತಬಲ್ಲದಾದಷ್ಟೂ ಕೆಳಗಿನವನು ಹೆಚ್ಚು ತುಂಬಬೇಕಾಯಿತು. ಅತಿ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ತಂಪು ಗಾಳಿಯನ್ನು ಯಂತ್ರಗಳಿಂದ ಕೆಳಗೆ ಕಳಿಸಬೇಕಾಯಿತು. ಮೇಲಿನ ನೆಲದ ಒತ್ತಡಕ್ಕೆ ಬಂಡೆಗಳು ಸಿಡಿದು ಎಷ್ಟೋ ಜನ ಪ್ರಾಣ ತೆತ್ತರು. ಸುರಂಗ ಕುಸಿಯದಂತೆ ಆನಿಸಲು ಮರ, ಗ್ರಾನೈಟ್ ಕಲ್ಲುಗಳನ್ನು ಮೇಲಿನಿಂದ ಕೆಳಗೆ ಸಾಗಿಸಬೇಕಾಯಿತು.

ಒಣ ಕಲ್ಲು ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಗಣಿಗಳಿಂದಲೇ. ಗಣಿಯ ಸುತ್ತ ಬೆಳೆದ ಸಾಲುಮನೆಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಮಾತಾಡುವ ಕುಟುಂಬಗಳು ಒಟ್ಟಿಗೆ ಬಾಳಿದವು. ಅವರಲ್ಲಿ ದಲಿತ ಕಾರ್ಮಿಕರೇ ಬಹಳ. ತಲೆಮಾರುಗಳ ಕಾಲ ಅದಿರನ್ನು ಎತ್ತಿದವರು ಅವರು.

ಕೊನೆಯ ಸ್ಕಿಪ್

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನದಾಗಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಸ್ಥಾಪನೆಯಾಯಿತು. ಅಷ್ಟರಲ್ಲಿ ಅದಿರು ಬಡವಾಗುತ್ತ, ಗಣಿ ಆಳವಾಗುತ್ತ ಬಂದಿತ್ತು. ಟನ್ನಿಗೆ ಸಿಗುವ ಚಿನ್ನ ಕಡೆಗೆ ನಾಲ್ಕು ಗ್ರಾಮಿನ ಆಸುಪಾಸಿಗೆ ಇಳಿಯಿತು. ಒಂದು ಸವರನ್ನಿಗೆ ಈಗ ಎರಡು ಟನ್ ಕಲ್ಲು ಬೇಕು, ಅದೂ ಹಿಂದಿಗಿಂತ ಬಹು ಆಳದಿಂದ. ಖರ್ಚು ಆದಾಯವನ್ನು ದಾಟಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮಾರಿಕುಪ್ಪಂನ ಗುಂಡಿಗಳನ್ನು ನಿಲ್ಲಿಸಿದ ಅದೇ ಲೆಕ್ಕ, ಇನ್ನೂರು ವರ್ಷಗಳ ಮೇಲೆ 3 ಕಿಲೋಮೀಟರ್ ಆಳದ ಗಣಿಯನ್ನೂ ನಿಲ್ಲಿಸಿತು. ಗಣಿಯ ಕೆಲಸವನ್ನೇ ನಂಬಿದ್ದ ಊರಿನ ಮಕ್ಕಳು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿನ ಕೂಲಿಗೆ ಹೊರಡುವಂತಾಯಿತು.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ. ಸ್ವೀಡನ್ನಿನ ಕಿರುನಾ ಕಬ್ಬಿಣದ ಗಣಿಯಲ್ಲಿ ಅದಿರಿನ ರೈಲುಗಳು ಚಾಲಕನಿಲ್ಲದೆ ಓಡುತ್ತವೆ. ದೂರದ ಕೊಠಡಿಯಲ್ಲಿ ಕೂತವರು ಅವನ್ನು ನಡೆಸುತ್ತಾರೆ. ಮನುಷ್ಯನನ್ನು ಧೂಳು ಮತ್ತು ಅಪಾಯದಿಂದ ದೂರ ಇಡುವ ಯಂತ್ರವನ್ನು ಯಾರೂ ಬೇಡವೆನ್ನಲಾರರು. ಆದರೆ ಆ ಯಂತ್ರ ಬಂದಾಗ ಕೆಲಸ ಕಳೆದುಕೊಳ್ಳುವವನು ಎಲ್ಲಿಗೆ ಹೋಗಬೇಕೆಂಬುದನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ದಕ್ಷತೆ ಎಂದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ಎಂದು ಪಠ್ಯಪುಸ್ತಕ ಹೇಳುತ್ತದೆ. ಕೋಲಾರದ ಚರಿತ್ರೆ ಅದಕ್ಕೆ ಒಂದು ಮಾತನ್ನು ಸೇರಿಸುತ್ತದೆ: ಇಳಿಸಿದ ಭಾರ ಇಲ್ಲವಾಗುವುದಿಲ್ಲ, ಬೇರೆ ಯಾರದೋ ಹೆಗಲಿಗೆ ಹೋಗುತ್ತದೆ. ಕೋಲಾರದಲ್ಲಿ ಅದು ಆಳುಗಳ ಕೈಯಿಂದ ಕಾಡಿಗೆ ಹೋಯಿತು, ಕಾಡಿನಿಂದ ನದಿಗೆ, ನದಿಯಿಂದ ಮುಳುಗಿದ ಊರುಗಳಿಗೆ, ಕಾರ್ಮಿಕನ ಎದೆಗೂಡಿಗೆ. ಅದೇ ನದಿ ನಮ್ಮ ಗದ್ದೆಗಳಿಗೆ ಅನ್ನವನ್ನೂ ಕೊಟ್ಟಿತು. ನಮ್ಮ ಮಕ್ಕಳಲ್ಲಿ ಎಂಜಿನಿಯರುಗಳಾಗುವವರು ಬಹಳ ಮಂದಿ ಇದ್ದಾರೆ. ಕನ್ನಂಬಾಡಿಗೆ ಹೋದಾಗ ಅವರು ಬೃಂದಾವನದ ದೀಪಗಳನ್ನು ನೋಡಿ ಸಂತೋಷಪಡಲಿ. ಜೊತೆಗೆ, ಆ ನೀರು ಎಷ್ಟು ದೂರದ, ಎಷ್ಟು ಆಳದ ಕಲ್ಲನ್ನು ಎತ್ತಿತು, ಆ ಕಲ್ಲನ್ನು ತುಂಬಿಕೊಟ್ಟವರು ಯಾರು ಎಂಬುದನ್ನೂ ಕೇಳಿ ತಿಳಿದುಕೊಳ್ಳಲಿ. ಮುಂದೆ ಅವರು ಕಟ್ಟುವ ಯಂತ್ರದ ಲೆಕ್ಕದಲ್ಲಿ ಅಂಥವರ ಹೆಸರಿಗೂ ಒಂದು ಸಾಲು ಇದ್ದರೆ, ಈ ಚರಿತ್ರೆಯನ್ನು ಓದಿದ್ದು ಸಾರ್ಥಕವಾಗುತ್ತದೆ.